ಒಂದೇ ಭುಜದ ಲೆಕ್ಕ: ಬಿಲ್ಲು, ವ್ಯಾಯಾಮ, ಮನೆ, ನೌಕರಿ ಹೊಂದಿಸಿಕೊಳ್ಳುವ ಬಗೆ

ಆ ಬೇಸಿಗೆ ರಜೆಯಲ್ಲಿ ದಿನವೂ ಬಿಲ್ಲು ಹಿಡಿದಿದ್ದೆ. ಜೂನ್ ಮೊದಲ ವಾರ ಶಾಲೆ ಶುರುವಾಯಿತು. ಒಂಬತ್ತನೇ ತರಗತಿಯ ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆಯಲೆಂದು ಎತ್ತಿದ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲೆ ಹೋಗಲೊಲ್ಲದು. ಭುಜದೊಳಗೆ ದಬ್ಬಳ ತೂರಿಸಿದ ಹಾಗೆ ನೋವು. ಆಮೇಲೆ ನಾಲ್ಕು ತಿಂಗಳು ಬಿಲ್ಲಿನ ಚೀಲ ಅಟ್ಟದ ಮೇಲೇ ಇತ್ತು.

ನಾನು ಮೈಸೂರಿನಲ್ಲಿ ಪ್ರೌಢಶಾಲೆ ಶಿಕ್ಷಕಿ. ಮಗಳನ್ನು ತರಬೇತಿಗೆ ಬಿಡಲು ಹೋಗಿ, ಕಾಯುತ್ತಾ ಕೂತು, ಮೂವತ್ತೇಳನೇ ವಯಸ್ಸಿನಲ್ಲಿ ಬಿಲ್ಲು ಹಿಡಿದವಳು. ಮಗಳು ಎರಡು ವರ್ಷಕ್ಕೆ ಬಿಟ್ಟಳು, ನಾನು ಬಿಡಲಿಲ್ಲ. ಅಲ್ಲಿಯವರೆಗೆ ನನ್ನ ಚಿಂತೆಯೆಲ್ಲ ಸಮಯದ್ದು: ಅಡುಗೆ, ಶಾಲೆ, ಪೇಪರ್ ತಿದ್ದುವುದು, ಇವುಗಳ ನಡುವೆ ಎರಡು ಗಂಟೆ ಎಲ್ಲಿಂದ ತರಲಿ ಅನ್ನುವುದು. ಭುಜ ಕೈಕೊಟ್ಟ ಮೇಲೆ ಗೊತ್ತಾಯಿತು, ರಜೆಯಲ್ಲಿ ನನಗೆ ಸಮಯ ಧಾರಾಳವಾಗಿತ್ತು, ಪೆಟ್ಟು ಬಿದ್ದದ್ದೂ ಆಗಲೇ. ಬಿಲ್ಲು ಎಳೆಯುವ ಭುಜ, ಬೋರ್ಡಿನ ಮೇಲೆ ಬರೆಯುವ ಭುಜ, ಬಕೆಟ್ ಎತ್ತುವ ಭುಜ, ಡಂಬೆಲ್ ಎತ್ತುವ ಭುಜ ಎಲ್ಲವೂ ಒಂದೇ. ನಾಲ್ಕು ಕಡೆಯ ಖರ್ಚು ಒಂದೇ ಖಾತೆಗೆ ಬೀಳುತ್ತದೆ. ಆ ಖಾತೆ ಬರೆಯಲು ಕಲಿತ ಮೇಲೆ ಉಳಿದದ್ದು ತಾನಾಗಿ ಹೊಂದಿಕೊಂಡಿತು.

ನೌಕರಿ, ಸಂಸಾರ, ಓದು ಇಟ್ಟುಕೊಂಡು ರಿಕರ್ವ್ ಬಿಲ್ಲು (ತುದಿಗಳು ಹೊರಕ್ಕೆ ಬಾಗಿದ ಬಿಲ್ಲು) ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನವರಿಗೂ ಬಹುಪಾಲು ಒಪ್ಪುತ್ತದೆ. ಈಗಾಗಲೇ ನೋವಿದ್ದರೆ ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಮುಂದಿನದನ್ನು ಓದಿ.

ಹೆಜ್ಜೆ 1: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು. ಏಳು ದಿನ ಮೂರೇ ವಿಷಯ ಬರೆಯಿರಿ. ದಿನಕ್ಕೆ ಎಷ್ಟು ಬಾಣ ಬಿಟ್ಟಿರಿ. ಭುಜಕ್ಕೆ ಭಾರ ಬೀಳುವ ಬೇರೆ ಯಾವ ಕೆಲಸ ಮಾಡಿದಿರಿ. ರಾತ್ರಿ ಎಷ್ಟು ಗಂಟೆ ಮಲಗಿದಿರಿ.

ಎರಡನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನನ್ನ ಪಟ್ಟಿಯಲ್ಲಿ ಬಂದದ್ದು ಇಷ್ಟು: ದಿನಕ್ಕೆ ಐದು ಪಿರಿಯಡ್ ಬೋರ್ಡ್ ಮೇಲೆ ಬರೆಯುವುದು (ಅದೂ ಭುಜಕ್ಕಿಂತ ಮೇಲಿನ ಮಟ್ಟದಲ್ಲಿ), ಸ್ಕೂಟರಿನಲ್ಲಿ ಹನ್ನೊಂದು ಕಿಲೋಮೀಟರ್, ಭಾನುವಾರ ಹೊದಿಕೆ ಒಗೆದು ಹಿಂಡುವುದು, ಎತ್ತರದ ತಂತಿಗೆ ಬಟ್ಟೆ ಹರವುವುದು. ಕಂಪ್ಯೂಟರ್ ಮುಂದೆ ಕೂರುವವರ ಪಟ್ಟಿ ಬೇರೆ ಥರ ಇರುತ್ತದೆ. ಅವರ ಭುಜ ಭಾರ ಹೊತ್ತು ದಣಿಯುವುದಿಲ್ಲ, ಒಂಬತ್ತು ಗಂಟೆ ಮುಂದಕ್ಕೆ ಬಾಗಿಯೇ ಬಿಗಿದುಕೊಂಡಿರುತ್ತದೆ. ಹಾಗೇ ನೇರ ರೇಂಜಿಗೆ (ಬಾಣ ಬಿಡುವ ಮೈದಾನಕ್ಕೆ) ಬಂದು ಬಿಲ್ಲು ಎಳೆದರೆ ಎದೆ ಬಿಚ್ಚಿಕೊಳ್ಳುವುದಿಲ್ಲ. ಬೆನ್ನು ಮಾಡಬೇಕಾದ ಕೆಲಸ ತೋಳಿನ ಮೇಲೆ ಬೀಳುತ್ತದೆ.

ಹೆಜ್ಜೆ 2: ಬಾಣವನ್ನು ಕಿಲೋಗೆ ಬದಲಾಯಿಸಿ

ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ನಿಧಾನವಾಗಿ ಓದಿ.

ರಿಕರ್ವ್ ಲಿಂಬಿನ (ಬಿಲ್ಲಿನ ಬಾಗುವ ತೋಳಿನ) ಮೇಲೆ ಅಚ್ಚಾಗಿರುವ ಪೌಂಡು, ಬಿಲ್ಲನ್ನು 28 ಇಂಚು ಎಳೆದಾಗಿನ ಭಾರ. ನಿಮ್ಮ ಎಳೆತ ಅದಕ್ಕಿಂತ ಕಡಿಮೆ ಇದ್ದರೆ ಇಂಚಿಗೆ ಸುಮಾರು 2 ಪೌಂಡ್ ಕಳೆಯಿರಿ, ಹೆಚ್ಚಿದ್ದರೆ ಅಷ್ಟೇ ಕೂಡಿಸಿ. ನನ್ನ ಎಳೆತ 26 ಇಂಚು. ಹಾಗಾಗಿ 28 ಪೌಂಡಿನ ಲಿಂಬ್ ಹಾಕಿದರೆ ನನ್ನ ಬೆರಳಿಗೆ ಬೀಳುವುದು ಸುಮಾರು 24. ರೇಂಜಿನಲ್ಲಿ ಬಿಲ್ಲಿನ ತೂಕದ ಕೊಕ್ಕೆ ತಕ್ಕಡಿ ಇರುತ್ತದೆ. ಅದರಲ್ಲಿ ಒಮ್ಮೆ ಅಳೆಸಿಕೊಂಡರೆ ಅಂದಾಜಿನ ಗೊಡವೆಯೇ ಇಲ್ಲ.

ಈಗ ಗುಣಾಕಾರ. ಬೆರಳಿನ ಮೇಲಿನ ಪೌಂಡನ್ನು ಬಾಣಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು 0.45ರಿಂದ ಗುಣಿಸಿದರೆ ಕಿಲೋ ಸಿಗುತ್ತದೆ. ನಾನು ಆ ಬೇಸಿಗೆಗೆ ಮುಂಚೆ ಒಂದು ಸಲಕ್ಕೆ 60 ಬಾಣ ಬಿಡುತ್ತಿದ್ದೆ. 24 ಪೌಂಡಿನಂತೆ ಸುಮಾರು 650 ಕಿಲೋ. ರಜೆ ಬಂತು. 34 ಪೌಂಡಿನ ಲಿಂಬ್ ಹಾಕಿಸಿಕೊಂಡೆ, ಅಂದರೆ ಬೆರಳಿಗೆ 30. ಸಮಯ ಇದೆಯಲ್ಲ ಅಂತ ದಿನಕ್ಕೆ 150 ಬಾಣ. ಅದು 2,000 ಕಿಲೋ ದಾಟುತ್ತದೆ. ಎರಡೇ ವಾರದಲ್ಲಿ ಭಾರ ಮೂರು ಪಟ್ಟಾಗಿತ್ತು, ಅದೂ ದಿನಬಿಟ್ಟು ದಿನದ ಬದಲು ದಿನವೂ. ಯಾರಾದರೂ ಬಂದು "ನಿನ್ನೆ 650 ಕಿಲೋ ಎತ್ತಿದೆ, ನಾಳೆಯಿಂದ ಎರಡು ಸಾವಿರ ಎತ್ತುತ್ತೇನೆ" ಅಂದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಬಾಣದ ಲೆಕ್ಕದಲ್ಲಿ ಅದು ಕಾಣಿಸುವುದಿಲ್ಲ, ಗಂಟೆಯ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಈ ಭಾರವನ್ನು ಹೊರುವವರು ಯಾರು ಅನ್ನುವುದನ್ನೂ ತಿಳಿದಿರಿ. ಬೆನ್ನಿನ ದೊಡ್ಡ ಸ್ನಾಯುಗಳು ಭುಜದ ಹಲಗೆಮೂಳೆಯನ್ನು ಬೆನ್ನುಮೂಳೆಯ ಕಡೆಗೆ ಸರಿಸುತ್ತವೆ, ಬಿಲ್ಲು ತೆರೆದುಕೊಳ್ಳುತ್ತದೆ. ಕೀಲನ್ನು ಅದರ ಗೂಡಿನಲ್ಲೇ ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳ ಕೆಲಸ. ದೊಡ್ಡವು ದಣಿದಾಗ ನಾವು ಹೆಗಲನ್ನು ಕಿವಿಯತ್ತ ಎತ್ತಿ ಎಳೆಯತೊಡಗುತ್ತೇವೆ. ಆಗ ಈ ಸಣ್ಣವರ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೂಳೆಗಳ ನಡುವೆ ಸಿಕ್ಕಿ ಉಜ್ಜುತ್ತದೆ. ನನಗೆ ಆದದ್ದು ಅದೇ. ಸ್ನಾಯು ಕೆಲವು ವಾರಗಳಲ್ಲಿ ಬಲವಾಗುತ್ತದೆ, ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ಬಿಲ್ಲು ಹಗುರ ಅನ್ನಿಸಲು ಶುರುವಾದ ಕೂಡಲೇ ಪೌಂಡ್ ಏರಿಸುವವರಿಗೆ ಪೆಟ್ಟು ಬೀಳುವುದು ಈ ಅಂತರದಲ್ಲೇ.

ನಾನು ಇಟ್ಟುಕೊಂಡಿರುವ ನಿಯಮ: ವಾರದ ಒಟ್ಟು ಕಿಲೋ ಹಿಂದಿನ ವಾರಕ್ಕಿಂತ ಹತ್ತನೇ ಒಂದು ಭಾಗದಷ್ಟು ಮಾತ್ರ ಏರಬಹುದು. ಪ್ರತಿ ನಾಲ್ಕನೇ ವಾರ ಅದನ್ನು ಅರ್ಧಕ್ಕಿಂತ ತುಸು ಮೇಲಕ್ಕೆ ಇಳಿಸುತ್ತೇನೆ. ಪೌಂಡ್ ಏರಿಸಿದರೆ ಎರಡೇ ಪೌಂಡ್, ಮತ್ತು ಆ ವಾರ ಬಾಣ ಕಡಿಮೆ. ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ.

ಹೆಜ್ಜೆ 3: ವಾರಕ್ಕೊಂದು ಅಸ್ಥಿಪಂಜರ

ಈಗಿನ ನನ್ನ ವಾರ ಹೀಗಿದೆ. ಮಂಗಳವಾರ, ಗುರುವಾರ ಬೆಳಿಗ್ಗೆ ಐದೂವರೆಗೆ ಮನೆಯಲ್ಲೇ 36 ಬಾಣ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬುಧವಾರ ಸಂಜೆ ಮತ್ತು ಶನಿವಾರ ರೇಂಜಿನಲ್ಲಿ ಬಿಲ್ಲು ಇಳಿಸಿದ ಮೇಲೆ, ವ್ಯಾಯಾಮ. ಶನಿವಾರ ಮಧ್ಯಾಹ್ನ ರೇಂಜ್, ಎರಡೂವರೆ ಗಂಟೆ, 84 ಬಾಣ. ಸೋಮವಾರ ಮತ್ತು ಶುಕ್ರವಾರ ನಡಿಗೆ ಮಾತ್ರ. ಭಾನುವಾರ ಬಿಲ್ಲು ಮುಟ್ಟುವುದಿಲ್ಲ.

ಒಟ್ಟು 156 ಬಾಣ. ಈಗ ನನ್ನ ಬೆರಳಿಗೆ 26 ಪೌಂಡ್, ಅಂದರೆ ವಾರಕ್ಕೆ ಸುಮಾರು 1,825 ಕಿಲೋ. ಆ ಬೇಸಿಗೆಯಲ್ಲಿ ಒಂದು ದಿನಕ್ಕೆ ಎತ್ತಿದ್ದಕ್ಕಿಂತ ಕಡಿಮೆ! ಆದರೂ 30 ಮೀಟರಿನಲ್ಲಿ ನನ್ನ ಬಾಣಗಳು ಅಂದಿಗಿಂತ ಹತ್ತಿರ ಹತ್ತಿರ ಬೀಳುತ್ತಿವೆ.

ಪೂರ್ಣಾವಧಿ ಕ್ರೀಡಾಪಟುಗಳು ದಿನಕ್ಕೆ ನೂರಾರು ಬಾಣ ಬಿಡುತ್ತಾರೆ, ನಿಜ. ದಕ್ಷಿಣ ಕೊರಿಯಾದ ಮಹಿಳಾ ತಂಡ 1988ರಿಂದ 2024ರವರೆಗೆ ಒಂದೂ ತಪ್ಪದೆ ಹತ್ತು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿದೆ. ಅವರ ಅಭ್ಯಾಸದ ಪಟ್ಟಿ ನೋಡಿ ಆಸೆಪಡುವುದು ಸಹಜ. ಆದರೆ ಅವರ ದಿನದಲ್ಲಿ ಬಾಣದ ಹೊರತು ಇರುವುದು ಊಟ, ನಿದ್ದೆ, ಚಿಕಿತ್ಸೆ. ನಮ್ಮ ದಿನದಲ್ಲಿ ಇರುವುದು ಬೇರೆ. ನೌಕರಿ ಮಾಡುತ್ತಲೇ ದೊಡ್ಡ ಮಟ್ಟಕ್ಕೆ ಹೋದವರೂ ಇದ್ದಾರೆ. ಕಾಂಪೌಂಡ್ ಬಿಲ್ಲಿನ ಅಭಿಷೇಕ್ ವರ್ಮಾ ಆದಾಯ ತೆರಿಗೆ ಇಲಾಖೆಯ ನೌಕರ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಿಲ್ಲುಗಾರಿಕೆಯ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದ ಹರ್ವಿಂದರ್ ಸಿಂಗ್ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಓದಿನ ಜೊತೆಗೇ ಬಿಲ್ಲು ಹಿಡಿದವರು. ಲಾಕ್‌ಡೌನ್ ಕಾಲದಲ್ಲಿ ರೇಂಜುಗಳಿಗೆ ಬೀಗ ಬಿದ್ದಾಗ ಅವರು ಅಭ್ಯಾಸ ಮಾಡಿದ್ದು ಮನೆಯವರ ಹೊಲದಲ್ಲಿ.

ನಿಮ್ಮ ವಾರ ಕಟ್ಟುವಾಗ ಮೂರು ಮಾತು ನೆನಪಿಡಿ. ಬಿಲ್ಲು ಹಿಡಿಯುವ ಎರಡು ದಿನಗಳ ನಡುವೆ ಕನಿಷ್ಠ ಒಂದು ದಿನದ ಬಿಡುವಿರಲಿ. ಬೆನ್ನಿಗೆ ಭಾರವಾದ ವ್ಯಾಯಾಮವನ್ನು ಅಂಕ ಎಣಿಸುವ ದಿನದ ಹಿಂದಿನ ದಿನ ಮಾಡಬೇಡಿ. ಬಿಲ್ಲು, ವ್ಯಾಯಾಮ ಒಂದೇ ದಿನ ಬಂದರೆ ಬಿಲ್ಲು ಮೊದಲು. ದಣಿದ ಬೆನ್ನಿನಿಂದ ಬಿಟ್ಟ ಬಾಣ ತಪ್ಪು ಭಂಗಿಯನ್ನೇ ಮೈಗೆ ಕಲಿಸುತ್ತದೆ.

ಹೆಜ್ಜೆ 4: ಮನೆಯಲ್ಲಿ ಮೂರು ಮೀಟರ್ ಜಾಗ

ನನ್ನ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ರೇಂಜಿಗೆ ಹೋಗಿ ಬರಲು ನನಗೆ ಒಂದು ಗಂಟೆ ಬೇಕು. ವಾರಕ್ಕೆ ಮೂರು ಸಲ ಹೋದರೆ ಮೂರು ಗಂಟೆ ಸ್ಕೂಟರಿನ ಮೇಲೇ. ಮನೆಯಲ್ಲಿ ಗುರಿಯ ಕಾಗದವಿಲ್ಲದ ಬರೀ ಬೇಲ್ (ಬಾಣ ನಾಟುವ ದಪ್ಪ ಮೆತ್ತೆ) ಎದುರು ಮೂರು ಮೀಟರಿನಲ್ಲಿ ನಿಂತು ಬಾಣ ಬಿಡುವುದನ್ನು ಬ್ಲಾಂಕ್ ಬೇಲ್ ಅನ್ನುತ್ತೇವೆ. ಎಲ್ಲಿ ಬಿತ್ತು ಅನ್ನುವ ಪ್ರಶ್ನೆ ಇಲ್ಲದ್ದರಿಂದ ಕಣ್ಣು ಬಿಡುವು ಪಡೆಯುತ್ತದೆ, ಗಮನ ಮೈಯೊಳಗೆ ಹೋಗುತ್ತದೆ. ಭಂಗಿ ತಿದ್ದಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ರೇಂಜಿನಲ್ಲೂ ಕಂಡಿಲ್ಲ.

ಜಾಗ ಹೇಗಿರಬೇಕು? ಬೇಲ್ ಹಿಂದೆ ಗಟ್ಟಿ ಗೋಡೆ. ಆ ಗೋಡೆಯಲ್ಲಿ ಬಾಗಿಲು, ಕಿಟಕಿ ಇರಬಾರದು. ಬಾಣದ ದಾರಿಗೆ ಅಡ್ಡ ಬರುವ ಯಾವ ಬಾಗಿಲೂ ಒಳಗಿನಿಂದ ಚಿಲಕ ಹಾಕದೆ ಇರಬಾರದು. ನಮ್ಮ ಮನೆಯಲ್ಲಿ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ, ಮೆಟ್ಟಿಲ ಕೋಣೆಯ ಗೋಡೆಗೆ ಮುಖಮಾಡಿ ಇಟ್ಟಿದ್ದೇವೆ. ಮೆಟ್ಟಿಲ ಬಾಗಿಲಿಗೆ ಒಂದು ಗಂಟೆ ಕಟ್ಟಿದೆ, ಮೇಲೆ ಬರುವವರು ಬಾರಿಸಿ, ನನ್ನಿಂದ "ಬನ್ನಿ" ಅನ್ನಿಸಿಕೊಂಡೇ ಬರಬೇಕು. ಪಕ್ಕದ ಮನೆಯ ತಾರಸಿ ಬಾಣದ ನೇರದಲ್ಲಿದ್ದರೆ ಮನೆಯ ಅಭ್ಯಾಸವನ್ನೇ ಕೈಬಿಡಿ. ಇದರಲ್ಲಿ ರಾಜಿ ಇಲ್ಲ.

ಬೇಲ್ ಕೊಳ್ಳಲು ದುಡ್ಡಿಲ್ಲದಿದ್ದರೆ, ಗೋಣಿಚೀಲದಲ್ಲಿ ಹಳೇ ಬಟ್ಟೆಗಳನ್ನು ಒತ್ತಿ ಒತ್ತಿ ತುಂಬಿ ಹೊಲಿಯಿರಿ. ಅತ್ತೆಯ ಹಳೆಯ ಹತ್ತಿ ಸೀರೆಗಳು ನನ್ನ ಮೊದಲ ಬೇಲ್ ಆದವು. ಗುಂಡಿ, ಜಿಪ್, ಕೊಕ್ಕೆ ಕತ್ತರಿಸಿ ತೆಗೆದಿರಬೇಕು, ಬಾಣದ ಮೊನೆ ಅದಕ್ಕೆ ತಾಗಿದರೆ ಚಿಮ್ಮಿ ವಾಪಸ್ ಬರುತ್ತದೆ. ಚೀಲ ದಪ್ಪ ಇದ್ದಷ್ಟೂ ಒಳ್ಳೆಯದು, ಮತ್ತು ಮೊದಲು ಒಂದೆರಡು ಬಾಣ ಬಿಟ್ಟು ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಒಂದು ಅಭ್ಯಾಸ ಹೀಗೆ ಸಾಗುತ್ತದೆ. ಮೊದಲ ಎಂಟು ನಿಮಿಷ ಮೈ ಬಿಸಿ ಮಾಡುವುದು: ತೋಳು ತಿರುಗಿಸುವುದು, ಗೋಡೆಗೆ ಬೆನ್ನು ಒರಗಿಸಿ ಕೈ ಮೇಲೆ ಕೆಳಗೆ ಜಾರಿಸುವುದು, ರಬ್ಬರ್ ಬ್ಯಾಂಡ್ ಹಿಡಿದು ಬಿಲ್ಲು ಎಳೆದ ಹಾಗೆ ಹತ್ತು ಸಲ. ಉದ್ದನೆಯ ಸ್ಟ್ರೆಚ್ ಏನಿದ್ದರೂ ಬಿಲ್ಲು ಇಳಿಸಿದ ಮೇಲೆ. ಆಮೇಲೆ ಆರು ಆರರಂತೆ ಬಾಣ, ಪ್ರತಿ ಆರಕ್ಕೂ ಒಂದೇ ವಿಷಯದ ಮೇಲೆ ಗಮನ. ಮೊದಲ ಆರು ನಿಲುವಿಗೆ, ಮುಂದಿನ ಆರು ಬಿಲ್ಲುಗೈಯ ಹಿಡಿತಕ್ಕೆ, ಆಮೇಲೆ ಗಲ್ಲದಡಿ ಕೈ ಕೂರುವ ಜಾಗಕ್ಕೆ. ಕೊನೆಯ ಆರು ಬಾಣ ಕಣ್ಣು ಮುಚ್ಚಿ. ಆದರೆ ಮುಂದೆ ಬೇಲ್ ಇದೆ ಅನ್ನುವುದನ್ನು ನೋಡಿ, ಪೂರ್ತಿ ಎಳೆದು ನಿಂತ ಮೇಲೆ ಮಾತ್ರ ಕಣ್ಣು ಮುಚ್ಚಬೇಕು.

ವಾರಕ್ಕೊಮ್ಮೆ ಹಿಡಿದು ನಿಲ್ಲುವ ಅಭ್ಯಾಸ ಸೇರಿಸಿ. ಬಾಣ ಹೂಡಿ, ಬೇಲ್ ಎದುರಿಗೇ ನಿಂತು, ಪೂರ್ತಿ ಎಳೆದು 15 ಸೆಕೆಂಡ್ ಹಿಡಿದು, ಬಿಡದೆ ನಿಧಾನವಾಗಿ ಇಳಿಸಿ. 30 ಸೆಕೆಂಡ್ ವಿಶ್ರಾಂತಿ. ಆರು ಸಲ. ಕೈ ನಡುಗತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಇದನ್ನೂ ಬಾಣದ ಲೆಕ್ಕಕ್ಕೆ ಸೇರಿಸಬೇಕು, ನಾನು ಒಂದು ಹಿಡಿತವನ್ನು ಮೂರು ಬಾಣವೆಂದು ಬರೆಯುತ್ತೇನೆ. ಬಾಣವಿಲ್ಲದೆ ಹೆದೆ ಎಳೆದು ಎಂದೂ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬಿಗೆ ತಿರುಗಿ ಲಿಂಬ್ ಸೀಳುತ್ತದೆ, ಮುಖಕ್ಕೂ ಸಿಡಿಯಬಹುದು. ಮನೆಗೆ ಬಂದ ನೆಂಟರ ಮಕ್ಕಳು ಆಸೆಯಿಂದ ಮಾಡುವುದು ಇದನ್ನೇ. ಹಾಗಾಗಿ ಅಭ್ಯಾಸ ಮುಗಿದ ತಕ್ಷಣ ಹೆದೆ ಇಳಿಸಿ, ಬಿಲ್ಲು ಕಳಚಿ ಚೀಲದಲ್ಲಿಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬೆಳಗಿನ ಗಡಿಬಿಡಿಯಲ್ಲಿ ಕರಿಮಣಿ ಸರ, ಜುಮುಕಿ, ದುಪಟ್ಟಾ ಹಾಗೇ ಇರುತ್ತವೆ. ಹೆದೆ ಅವನ್ನು ಸೆಳೆದುಕೊಂಡು ಹೋಗುತ್ತದೆ. ಸರವನ್ನು ಬಟ್ಟೆಯೊಳಗೆ ಹಾಕಿ, ಮೇಲೆ ಚೆಸ್ಟ್ ಗಾರ್ಡ್ ಹಾಕಿಯೇ ಬಿಲ್ಲು ಎತ್ತಿ.

ಹೆಜ್ಜೆ 5: ವ್ಯಾಯಾಮ ಬಿಲ್ಲಿಗೆ ತಕ್ಕಂತೆ

ಜಿಮ್ ಬೇಕೇ ಬೇಕೆಂದಿಲ್ಲ. ಮೊದಲ ವರ್ಷ ನನಗೆ ಸಾಕಾದದ್ದು ಎರಡು ರಬ್ಬರ್ ಬ್ಯಾಂಡ್, ಐದು ಕಿಲೋದ ಒಂದು ಜೊತೆ ಡಂಬೆಲ್, ಮತ್ತೆ 20 ಲೀಟರಿನ ನೀರಿನ ಕ್ಯಾನ್.

ಬಿಲ್ಲು ಒಂದು ಕಡೆಗೆ ಎಳೆಯುವ ಆಟ. ಬಲಗೈ ಎಳೆಯುತ್ತದೆ, ಎಡಗೈ ಎರಡೂವರೆ ಕಿಲೋ ಆಸುಪಾಸಿನ ಬಿಲ್ಲು ಹೊತ್ತು ಮುಂದಕ್ಕೆ ತಳ್ಳುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದರೆ ಮೈ ಒಂದು ಬದಿಗೆ ಬೆಳೆಯುತ್ತದೆ. ಆದ್ದರಿಂದ ವ್ಯಾಯಾಮದ ಮೊದಲ ಕೆಲಸ ಇನ್ನೊಂದು ಬದಿಯನ್ನು ಸಮಕ್ಕೆ ತರುವುದು. ನಾನು ಬ್ಯಾಂಡ್ ಹಿಡಿದು ಎಡಗೈಯಲ್ಲಿ ಬಿಲ್ಲು ಎಳೆದ ಹಾಗೆ 15ರ ಎರಡು ಸುತ್ತು ಮಾಡುತ್ತೇನೆ.

ಎರಡನೆಯದು, ಆ ನಾಲ್ಕು ಸಣ್ಣ ಸ್ನಾಯುಗಳು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ನಡುವೆ ಒಂದು ಮಡಿಸಿದ ಟವೆಲ್ ಇಟ್ಟು, ಬ್ಯಾಂಡನ್ನು ಹೊರಗಡೆಗೆ ತಿರುಗಿಸಿ. ಹಗುರವಾದ ಬ್ಯಾಂಡ್, 15 ಸಲ, ಎರಡೂ ಕೈ. ಬಾಗಿಲ ಹಿಡಿಗೆ ಬ್ಯಾಂಡ್ ಕಟ್ಟಿ ಮುಖದ ಕಡೆಗೆ ಎಳೆಯುವುದು ಇನ್ನೊಂದು. ಇವು ಸಪ್ಪೆ ವ್ಯಾಯಾಮಗಳು, ಬೆವರೂ ಬರುವುದಿಲ್ಲ. ಅದಕ್ಕೇ ಎಲ್ಲರೂ ಬಿಡುತ್ತಾರೆ. ನನ್ನ ಭುಜ ವಾಪಸ್ ಬಂದದ್ದು ಇವುಗಳಿಂದ.

ಮಿಕ್ಕಿದ್ದು ಬೇಗ ಹೇಳುತ್ತೇನೆ: ಬಾಗಿ ಡಂಬೆಲ್ ಎಳೆಯುವುದು, ದಂಡ (ಮೊದಮೊದಲು ಗೋಡೆಗೆ ಅಥವಾ ಮೇಜಿಗೆ ಕೈಕೊಟ್ಟು), ಬಸ್ಕಿ, ಪ್ಲಾಂಕ್ ಮತ್ತು ಪಕ್ಕದ ಪ್ಲಾಂಕ್, ಒಂಟಿ ಕಾಲಿನಲ್ಲಿ ನಿಂತು ಮುಂದಕ್ಕೆ ಬಾಗುವುದು. ಕೊನೆಗೆ ನೀರಿನ ಕ್ಯಾನನ್ನು ಒಂದು ಕೈಯಲ್ಲಿ ಹಿಡಿದು, ಸೊಂಟ ವಾಲದಂತೆ ತಾರಸಿಯ ಉದ್ದಕ್ಕೆ ನಡೆದು, ಕೈ ಬದಲಿಸಿ ವಾಪಸ್. ಬಿಂದಿಗೆ ಹೊತ್ತು ಬೆಳೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಒಟ್ಟು 35 ನಿಮಿಷ. ಭುಜಕ್ಕಿಂತ ಮೇಲೆ ಭಾರ ಎತ್ತುವ ವ್ಯಾಯಾಮವನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಬೋರ್ಡು ಅದನ್ನು ದಿನವೂ ಮಾಡಿಸುತ್ತದೆ. ನಿಮ್ಮ ಕೆಲಸ ಕೂತು ಮಾಡುವಂಥದ್ದಾಗಿದ್ದರೆ ಹಗುರವಾಗಿ ಸೇರಿಸಿಕೊಳ್ಳಬಹುದು.

ಇನ್ನು ಉಸಿರು. ನಿಂತಲ್ಲೇ ನಿಲ್ಲುವ ಆಟಕ್ಕೆ ಓಟ ಯಾಕೆ ಅಂತ ಕೇಳುವವರಿದ್ದಾರೆ. 70 ಮೀಟರಿನ ಸ್ಪರ್ಧೆಯಲ್ಲಿ 72 ಬಾಣ, ಆರು ಆರರಂತೆ ಹನ್ನೆರಡು ಸುತ್ತು. ಪ್ರತಿ ಸುತ್ತಿಗೂ ಗುರಿಯ ತನಕ ಹೋಗಿ ಬಂದರೆ ಅದೇ 1,680 ಮೀಟರ್, ಬಿಸಿಲಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಪ್ರಸಾರದಲ್ಲಿ ಬಿಲ್ಲುಗಾರರ ಎದೆಬಡಿತವನ್ನು ಪರದೆಯ ಮೇಲೇ ತೋರಿಸಿದರು. ಅಲುಗಾಡದೆ ನಿಂತವರ ಎದೆಯೂ ಎಷ್ಟು ವೇಗವಾಗಿ ಹೊಡೆದುಕೊಳ್ಳುತ್ತದೆ ಅನ್ನುವುದನ್ನು ಆಗ ಎಲ್ಲರೂ ನೋಡಿದರು. ಬೇಗ ಏರಿದ ಬಡಿತವನ್ನು ಬೇಗ ಇಳಿಸುವ ಎದೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ ಹೇಳುತ್ತದೆ. ಬಿರುಸಾದ ನಡಿಗೆಯಲ್ಲೇ ಅದು ಮುಗಿಯುತ್ತದೆ. ನನಗೆ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಾವಿರಕ್ಕೂ ಮೇಲೆ. ಹತ್ತಿ ನಂದಿಯ ಹತ್ತಿರ ನಿಂತಾಗ ಉಸಿರು ಎಷ್ಟು ಹೊತ್ತಿಗೆ ಸಮಕ್ಕೆ ಬಂತು ಅಂತ ನೋಡಿಕೊಳ್ಳುತ್ತೇನೆ. ನನಗೆ ಅದೇ ಪರೀಕ್ಷೆ.

ಹೆಜ್ಜೆ 6: ಶನಿವಾರವನ್ನು ಪೋಲು ಮಾಡಬೇಡಿ

ರೇಂಜಿಗೆ ವಾರಕ್ಕೊಮ್ಮೆ ಹೋಗುವವರು ಅಲ್ಲಿ ಮಾಡಬೇಕಾದದ್ದು ಮನೆಯಲ್ಲಿ ಆಗದ ಕೆಲಸ ಮಾತ್ರ: ದೂರದ ಗುರಿ, ಗಾಳಿ, ಸೈಟ್ (ಗುರಿ ಹಿಡಿಯಲು ಬಿಲ್ಲಿಗೆ ಹಾಕುವ ಸಾಧನ) ಹೊಂದಿಸುವುದು, ಸಮಯದ ಒತ್ತಡ. ಒಂದು ವಾರ ನಾನು ಅಂಕ ಎಣಿಸದೆ 84 ಬಾಣ ಬಿಡುತ್ತೇನೆ. ಮುಂದಿನ ವಾರ 12 ಬಾಣ ಬಿಟ್ಟು ಮೈ ಬಿಸಿಯಾದ ಮೇಲೆ 72 ಬಾಣ, ಅಂಕದೊಂದಿಗೆ. ಸ್ಪರ್ಧೆಯಲ್ಲಿ ಪ್ರತಿ ಸುತ್ತಿಗೂ ಇಷ್ಟೇ ನಿಮಿಷ ಅನ್ನುವ ಮಿತಿ ಇರುತ್ತದೆ. ಫೋನಿನ ಟೈಮರ್ ಅಷ್ಟಕ್ಕೇ ಇಟ್ಟು ಅಭ್ಯಾಸ ಮಾಡಿ.

ನಮ್ಮ ಕೋಚ್ ಸರ್ ಒಂದು ದಿನ ನನ್ನ ಎಪ್ಪತ್ತನೇ ಬಾಣದ ಹೊತ್ತಿಗೆ ಬಂದು, "ಮೇಡಂ, ಹೆಗಲು ಎದ್ದಿತು. ಸಾಕು, ಬಿಲ್ಲು ಇಳಿಸಿ" ಅಂದರು. ಇನ್ನೂ ಹದಿನಾಲ್ಕು ಇದೆ ಸರ್ ಅಂದೆ. "ಆ ಹದಿನಾಲ್ಕು ಬಾಣ ಹಿಂದಿನ ಎಪ್ಪತ್ತನ್ನು ಅಳಿಸುತ್ತವೆ" ಅಂದರು. ಅಂದಿನಿಂದ ಸಂಖ್ಯೆ ನನಗೆ ಮೇಲಿನ ಮಿತಿ. ಹೆಗಲು ಎದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಶುಕ್ರವಾರ ರಾತ್ರಿಯೇ ಚೀಲ ಸಿದ್ಧ ಮಾಡಿಡಿ. ಫಿಂಗರ್ ಟ್ಯಾಬ್ (ಹೆದೆ ಎಳೆಯುವ ಬೆರಳಿನ ಕಾಪು), ಆರ್ಮ್ ಗಾರ್ಡ್, ಹೆದೆಗೆ ಮೇಣ, ಒಂದು ಹೆಚ್ಚಿನ ಹೆದೆ, ಟೋಪಿ, ಎರಡು ಲೀಟರ್ ನೀರು. ಟ್ಯಾಬ್ ಮರೆತು ರೇಂಜಿಗೆ ಹೋದರೆ ಆ ವಾರದ ಅರ್ಧ ಅಭ್ಯಾಸವೇ ಹೋದಂತೆ.

ಹೆಜ್ಜೆ 7: ಮನೆಯವರಿಗೆ ಮೊದಲೇ ಹೇಳಿ

ಮನೆಯಲ್ಲಿ ಬೇಸರ ಬರುವುದು ನೀವು ಹೋಗುವುದಕ್ಕಲ್ಲ, ಯಾವಾಗ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಗೊತ್ತಿಲ್ಲದ್ದಕ್ಕೆ. ತಿಂಗಳ ಮೊದಲ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ಶನಿವಾರಗಳಿಗೆ ಗುರುತು ಹಾಕುತ್ತೇನೆ. ಮದುವೆ, ನಾಮಕರಣ, ಶ್ರಾದ್ಧ ಬಂದ ಶನಿವಾರವನ್ನು ಆಗಲೇ ಹೊಡೆದುಹಾಕುತ್ತೇನೆ, ಆ ದಿನ ಬೆಳಿಗ್ಗೆ ಒದ್ದಾಡುವುದಿಲ್ಲ. ನಮ್ಮನೆಯವರು ಶನಿವಾರ ರಾತ್ರಿಯ ಅಡುಗೆ ವಹಿಸಿಕೊಂಡಿದ್ದಾರೆ. ಬದಲಿಗೆ ಭಾನುವಾರ ಬೆಳಿಗ್ಗೆ ಅವರದು. ಅವರು ಸ್ನೇಹಿತರ ಜೊತೆ ಸೈಕಲ್ ಹೊರಡುತ್ತಾರೆ, ನಾನು ಏನೂ ಕೇಳುವುದಿಲ್ಲ.

ಅತ್ತೆಗೆ ಮೊದಲು ಇದು ಹಿಡಿಸಿರಲಿಲ್ಲ. ಆಯುಧಪೂಜೆಯ ದಿನ ಅವರೇ "ಎಲ್ಲಮ್ಮಾ ನಿನ್ನ ಬಿಲ್ಲು? ತಂದಿಡು" ಅಂದಾಗ ನನಗೆ ಕಣ್ಣು ತುಂಬಿತ್ತು. (ಪೂಜೆಗೆ ಇಟ್ಟಾಗ ಕುಂಕುಮವನ್ನು ಬಿಲ್ಲಿನ ನಡುಭಾಗವಾದ ರೈಸರಿನ ಹಿಡಿಯ ಕೆಳಗೆ ಮಾತ್ರ ಹಚ್ಚಿ. ಹೆದೆಗೂ ಲಿಂಬಿಗೂ ಎಣ್ಣೆ, ಗಂಧ ಬೇಡ, ಧೂಳು ಅಂಟುತ್ತದೆ.)

ಮಕ್ಕಳು ಚಿಕ್ಕವರಿರುವ ತಾಯಂದಿರು "ಇನ್ನು ನಮ್ಮ ಕಾಲ ಮುಗಿಯಿತು" ಅನ್ನುವುದನ್ನು ರೇಂಜಿನಲ್ಲಿ ಕೇಳಿದ್ದೇನೆ. ರಾಂಚಿಯ ದೀಪಿಕಾ ಕುಮಾರಿಗೆ 2022ರ ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. 2024ರ ಏಪ್ರಿಲಿನಲ್ಲಿ ಅವರು ಶಾಂಘೈ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದು, ಅದೇ ವರ್ಷ ಪ್ಯಾರಿಸ್‌ನಲ್ಲಿ ತಮ್ಮ ನಾಲ್ಕನೇ ಒಲಿಂಪಿಕ್ಸ್ ಆಡಿದರು. ಅವರ ಹಿಂದೆ ಇರುವ ನೆರವು ನಮಗಿಲ್ಲ, ಒಪ್ಪುತ್ತೇನೆ. ಆದರೆ ಹೆರಿಗೆಯಾದ ಮೈ ಮತ್ತೆ ಬಿಲ್ಲು ಎಳೆಯಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ವೈದ್ಯರ ಒಪ್ಪಿಗೆ ಪಡೆದು, ತೀರ ಹಗುರ ಲಿಂಬಿನಿಂದ ಶುರುಮಾಡಿ.

ಹೆಜ್ಜೆ 8: ಊಟ, ನಿದ್ದೆ

ವಿಶೇಷ ಆಹಾರ ಏನೂ ಬೇಡ. ಬೆಳಗಿನ ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಮುಗಿದ ಮೇಲೆ ತಿಂಡಿ. ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು, ಮೊಸರು ಇದ್ದರೆ ಸ್ನಾಯುವಿಗೆ ಬೇಕಾದದ್ದು ಸಿಕ್ಕಿತು. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ರೇಂಜಿಗೆ ಕಡಲೆಕಾಯಿ ಚಿಕ್ಕಿ ಒಯ್ಯಿರಿ. ಕಾಫಿಯನ್ನು ಬಾಣ ಬಿಡುವ ಮುಂಚೆ ಕುಡಿದರೆ ನನ್ನ ಸೈಟ್ ಪಿನ್ ನಡುಗುತ್ತದೆ, ಆದ್ದರಿಂದ ಶನಿವಾರ ಮಧ್ಯಾಹ್ನದ ಕಾಫಿಯನ್ನು ಸಂಜೆಗೆ ತಳ್ಳಿದ್ದೇನೆ.

ಬೆಳಿಗ್ಗೆ ಐದಕ್ಕೆ ಏಳುವವರು ರಾತ್ರಿ ಹತ್ತರೊಳಗೆ ಮಲಗಲೇಬೇಕು. ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ಬೆಳಿಗ್ಗೆ ನಾನು ಬಿಲ್ಲು ಮುಟ್ಟುವುದಿಲ್ಲ. ಬ್ಯಾಂಡಿನಿಂದ ಹತ್ತು ನಿಮಿಷ ಮಾಡಿ ಇಳಿದುಬರುತ್ತೇನೆ.

ಹೆಜ್ಜೆ 9: ಮಳೆ, ಪರೀಕ್ಷೆ, ಜ್ವರ

ವರ್ಷವಿಡೀ ಒಂದೇ ಅಳತೆ ನಡೆಯುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ನನಗೆ ಮೌಲ್ಯಮಾಪನ, ಕೈಯೆಲ್ಲ ಕೆಂಪು ಶಾಯಿ. ಆಗ ವಾರಕ್ಕೆ 72 ಬಾಣ, ಎಲ್ಲವೂ ಮನೆಯಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ಕಾರಣಕ್ಕೆ ರೇಂಜ್ ಆಗಾಗ ತಪ್ಪುತ್ತದೆ. ಆ ತಿಂಗಳುಗಳಲ್ಲಿ ವ್ಯಾಯಾಮವನ್ನು ವಾರಕ್ಕೆ ಮೂರಕ್ಕೆ ಏರಿಸುತ್ತೇನೆ. ದಸರೆ ಕಳೆದು ಆಕಾಶ ತಿಳಿಯಾದ ಮೇಲೆ ಬಾಣದ ಸಂಖ್ಯೆ ಏರುತ್ತದೆ, ವ್ಯಾಯಾಮ ಇಳಿಯುತ್ತದೆ. ಸ್ಪರ್ಧೆಯ ಹಿಂದಿನ ವಾರ ಎರಡನ್ನೂ ಅರ್ಧ ಮಾಡುತ್ತೇನೆ.

ನೋವಿನ ವಿಚಾರದಲ್ಲಿ ನನ್ನ ಕಟ್ಟುನಿಟ್ಟು ಇಷ್ಟು. ಬೆನ್ನಿನ ಮಧ್ಯೆ, ಹಲಗೆಮೂಳೆಗಳ ನಡುವೆ ಮಂದವಾಗಿ ನೋಯ್ದು ಎರಡು ದಿನದಲ್ಲಿ ಹೋದರೆ ಅದು ಕೆಲಸ ಮಾಡಿದ ಸ್ನಾಯು. ಭುಜದ ತುದಿಯಲ್ಲಿ ಚುಚ್ಚಿದರೆ, ಆ ಕಡೆ ಒರಗಿ ಮಲಗಲು ಆಗದಿದ್ದರೆ, ಕೈ ಎತ್ತುವಾಗ ನಡುವೆ ಒಂದು ಮಟ್ಟದಲ್ಲಿ ಮಾತ್ರ ಹಿಡಿದುಕೊಂಡರೆ, ಬೆರಳು ಜೋಮು ಹಿಡಿದರೆ ಅಂದೇ ಬಿಲ್ಲು ನಿಲ್ಲಿಸಿ, ವಾರದೊಳಗೆ ಫಿಸಿಯೊಥೆರಪಿಸ್ಟ್ ಬಳಿ ಹೋಗಿ. ನೋವಿನ ಮಾತ್ರೆ ನುಂಗಿ ಬಾಣ ಬಿಡಬೇಡಿ. ನಾನು ಎರಡು ವಾರ ಹಾಗೆ ಮಾಡಿದ್ದೆ, ಅದರ ಬೆಲೆ ನಾಲ್ಕು ತಿಂಗಳು.

ಒಂದು ವಾರ ಪೂರ್ತಿ ಕೈತಪ್ಪಿದರೆ ತಪ್ಪಿದ ಬಾಣಗಳನ್ನು ಮುಂದಿನ ವಾರಕ್ಕೆ ಸೇರಿಸಬೇಡಿ. ಅವು ಹೋದವು. ಒಂದು ವಾರ ತಪ್ಪಿದ್ದರೆ ಮಾಮೂಲಿನ ಮುಕ್ಕಾಲು ಪಾಲಿನಿಂದ, ಎರಡು ಮೂರು ವಾರ ತಪ್ಪಿದ್ದರೆ ಅರ್ಧದಿಂದ ಶುರುಮಾಡಿ. ಒಂದು ತಿಂಗಳ ಮೇಲಾದರೆ ಲಿಂಬಿನ ಬೋಲ್ಟ್ ಹೊರಕ್ಕೆ ತಿರುಗಿಸಿ ಪೌಂಡನ್ನೂ ಇಳಿಸಬೇಕು, ಎಷ್ಟು ಸುತ್ತು ಅನ್ನುವುದನ್ನು ನಿಮ್ಮ ಕೋಚ್ ಹೇಳಿದಷ್ಟೇ. ಹೋದ ತಿಂಗಳು ಮಗಳಿಗೆ ಜ್ವರ ಬಂದು, ಬೆನ್ನಲ್ಲೇ ಅತ್ತೆಗೂ ಬಂದು, ಹದಿನೇಳು ದಿನ ನಾನು ತಾರಸಿ ಹತ್ತಲಿಲ್ಲ. ಹದಿನೆಂಟನೇ ದಿನ ಬೆಳಿಗ್ಗೆ ಐದೂವರೆಗೆ 18 ಬಾಣ ಬಿಟ್ಟೆ, ನೋಟ್‌ಬುಕ್‌ನಲ್ಲಿ 210 ಕಿಲೋ ಅಂತ ಬರೆದೆ, ಹೆದೆ ಇಳಿಸಿ ಕೆಳಗೆ ಬಂದು ಅಕ್ಕಿ ತೊಳೆದಿಟ್ಟೆ.